ಮಣ್ಣಿಲ್ಲದೆ ಕಡಲು ದಾಟಿದ ಕೇದಗೆ

ಯಾರಿಗಾದರೂ ಸಸಿ ಕೊಡುವಾಗ ನಾವೆಲ್ಲ ಮಾಡುವುದು ಒಂದೇ. ಬುಡಸಮೇತ ಅಗೆದು, ಮಣ್ಣಿನ ಹೆಂಟೆಯನ್ನು ಹಾಗೇ ಗೋಣಿಯಲ್ಲಿ ಸುತ್ತಿ ಕೈಗಿಡುತ್ತೇವೆ. ಮಣ್ಣಿದ್ದರೆ ಗಿಡ ಬದುಕುತ್ತದೆ ಎಂಬ ಧೈರ್ಯ. ಕಡಲ ದಡದಲ್ಲಿ ನರ್ಸರಿ ನಡೆಸುವ ದೊಡ್ಡಮ್ಮನೂ ಹಾಗೇ ಮಾಡಿದಳು.

ಆ ವಾರ ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ. ಆಚೆ ದಡದ ದೇಶದ ರೈತರು ಅವಳ ಕೇದಗೆ ಕೇಳಿದ್ದರು. ಅಲ್ಲಿ ಕಡಲು ಗದ್ದೆಯ ಅಂಚನ್ನು ಕೊರೆಯುತ್ತಿತ್ತು, ಮರಳು ಹಿಡಿದು ನಿಲ್ಲುವ ಗಿಡ ಬೇಕಿತ್ತು. ದೊಡ್ಡಮ್ಮನ ತೋಟದಂಚಿನ ಕೇದಗೆಯೋ, ಅವಳ ಗಂಡನ ಅಜ್ಜಿಯ ಕಾಲದಿಂದ ಯಾವ ಗಾಳಿಗೂ ಜಗ್ಗಿದ್ದಲ್ಲ. ಇನ್ನೂರು ಮರಿಗಳು ಗೋಣಿಯಲ್ಲಿ ಸಿದ್ಧವಾಗಿದ್ದವು. ಮರುದಿನ ಮಧ್ಯಾಹ್ನದ ದೋಣಿ ತಪ್ಪಿದರೆ ಅವರು ಬೇರೆ ಕಡೆಯಿಂದ ತರಿಸುತ್ತಿದ್ದರು.

ಪಕ್ಕದ ಮನೆಯ ಹುಡುಗಿ ಬಂದರಿನ ಸಸ್ಯ ತಪಾಸಣೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ದೋಣಿಯ ಹಿಂದಿನ ದಿನ ಬೆಳಿಗ್ಗೆ ಬೇಲಿಯಾಚೆಯಿಂದ ಇಣುಕಿದವಳು, ಮಣ್ಣಿದ್ದರೆ ಒಂದು ಮರಿಯನ್ನೂ ದೋಣಿ ಹತ್ತಿಸುವುದಿಲ್ಲ ಎಂದುಬಿಟ್ಟಳು.

"ಯಾಕೆ, ನನ್ನ ಮಣ್ಣಿಗೇನಾಗಿದೆ? ಅಂಬೆಗಾಲಿಡುವಾಗ ನೀನು ತಿಂದಿದ್ದೂ ಇದೇ ಮಣ್ಣು ಕಣೇ."

"ಆಮೇಲೆ ಹೊಟ್ಟೆಹುಳಕ್ಕೆ ಔಷಧಿ ಕುಡಿಸಿದ್ದೂ ನೀವೇ ಅಲ್ವಾ, ದೊಡ್ಡಮ್ಮ?"

ದೊಡ್ಡಮ್ಮನ ಗಂಡ ಕಿಸಕ್ಕನೆ ನಕ್ಕ. ಹೆಂಡತಿ ತಿರುಗಿ ನೋಡಿದ ನೋಟಕ್ಕೆ, ಮಡಚಿಟ್ಟಿದ್ದ ಗೋಣಿಯನ್ನೇ ಮತ್ತೆ ಮಡಚತೊಡಗಿದ.

ಮಣ್ಣಿನಲ್ಲಿ ಬೇರು ಕೊರೆಯುವ ಹುಳ, ಬೂಸು, ಕಣ್ಣಿಗೆ ಕಾಣದ ಮೊಟ್ಟೆ ಇರಬಹುದು, ಹೊಸ ನೆಲದಲ್ಲಿ ಅವನ್ನು ಹತೋಟಿಯಲ್ಲಿಡುವ ಜೀವಿಗಳು ಇಲ್ಲದೆಯೂ ಹೋಗಬಹುದು ಎಂದು ಹುಡುಗಿ ಬಿಡಿಸಿ ಹೇಳಿದಳು. ಅದೆಲ್ಲ ಪುಸ್ತಕದ ಮಾತು ಎಂದು ದೊಡ್ಡಮ್ಮ ತಳ್ಳಿಹಾಕಿದಳು. ಆಗ ಹುಡುಗಿ ಅವಳ ಬದನೆ ಪಾತಿಯ ಕಡೆ ಕೈ ತೋರಿಸಿದಳು. ಎರಡು ವರ್ಷದ ಹಿಂದೆ ದೊಡ್ಡಮ್ಮನ ತಂಗಿ ಆಚೆ ದಡದಿಂದ ಮೆಣಸಿನ ಸಸಿಗಳನ್ನು ಮಣ್ಣುಸಮೇತ ಕೈಚೀಲದಲ್ಲಿ ತಂದಿದ್ದಳು. ಅವನ್ನು ನೆಟ್ಟ ಪಾತಿಯಲ್ಲಿ ಆಮೇಲೆ ಬದನೆ ಸೊರಗಿತು. ಕಿತ್ತು ನೋಡಿದರೆ ಬೇರಿನ ತುಂಬ ಹುಳ ಕಟ್ಟಿದ ಗಂಟು.

"ತಂಗಿ ಪ್ರೀತಿಯಿಂದಲೇ ತಂದಿದ್ದು," ಎಂದಳು ದೊಡ್ಡಮ್ಮ ಮೆಲ್ಲಗೆ.

"ನೀವೂ ಪ್ರೀತಿಯಿಂದಲೇ ಕಳಿಸ್ತಿದ್ದೀರಿ. ಅವರ ಗದ್ದೆಗೂ ಹಾಗೇ ಆದ್ರೆ?"

ದೊಡ್ಡಮ್ಮ ಬದನೆ ಪಾತಿಯನ್ನೊಮ್ಮೆ, ಗೋಣಿಗಳನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಗಂಡನಿಗೆ ದೊಡ್ಡ ಟಬ್ ತರಲು ಹೇಳಿದಳು.

ಸಂಜೆಯವರೆಗೂ ಮೂವರೂ ಕೂತು ಒಂದೊಂದೇ ಮರಿಯ ಬೇರು ತೊಳೆದರು. ಕಪ್ಪು ಚುಕ್ಕೆ ಕಂಡ ಒಂಬತ್ತನ್ನು ದೊಡ್ಡಮ್ಮ ತಾನೇ ತೆಗೆದು ಪಕ್ಕಕ್ಕಿಟ್ಟಳು. ಉಳಿದವನ್ನು ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿದರು. ಮರುದಿನ ತಪಾಸಣೆಯ ಅಧಿಕಾರಿ ಮೇಜಿನ ಮೇಲೆ ಬೇರು ಹರಡಿ, ತಿರುಗಿಸಿ ಮುರುಗಿಸಿ ನೋಡಿ, ಪ್ರಮಾಣಪತ್ರಕ್ಕೆ ಮೊಹರು ಒತ್ತಿದರು. ಬೆಳ್ಳಗೆ, ಬತ್ತಲೆ ಬೇರು. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ದೊಡ್ಡಮ್ಮ ಎದೆಯುಬ್ಬಿಸಿ ನಿಂತಿದ್ದಳು.

ನೂರತೊಂಬತ್ತೊಂದರಲ್ಲಿ ನೂರೆಂಬತ್ತಾರು ಚಿಗುರಿದವು. ಆಚೆ ದಡದವರು ಇನ್ನೂ ಐನೂರು ಬೇಕೆಂದರು, ಜೊತೆಗೆ ಬೇರು ತೊಳೆದು ಕಟ್ಟುವುದನ್ನು ತಮ್ಮವರಿಗೂ ಕಲಿಸಲು ಬರುವಂತೆ ಕರೆದರು. ದೊಡ್ಡಮ್ಮ ಮೊದಲ ಸಲ ಕಡಲು ದಾಟಿದಳು, ಮೇಷ್ಟ್ರಾಗಿ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ನೆಲದ ಗಿಡವನ್ನು ಪಕ್ಕದ ದಡದವರು ಕೇಳಿದರೆ ಅದು ನಮಗೆ ಹೆಮ್ಮೆ. ಧಾರಾಳವಾಗಿ ಕೊಡಿ, ಅವರ ಗಿಡವನ್ನೂ ತನ್ನಿ. ಆದರೆ ಮಣ್ಣು ಬೇಡ, ಚೀಲದಲ್ಲಿ ಬಚ್ಚಿಡುವುದೂ ಬೇಡ. ಬಂದರಿನಲ್ಲಿ ತೋರಿಸಿ, ಪ್ರಮಾಣಪತ್ರ ಕೇಳಿ ಪಡೆಯಿರಿ. ಕಡಲು ದಾಟಬೇಕಾದದ್ದು ನಮ್ಮ ಗಿಡ, ಅದರ ರೋಗವಲ್ಲ.