ಬೋಣಿಗೆ ಮುಂಚಿನ ಪ್ರಶ್ನೆ

"ಹೊತ್ಕಂಡ್ ಹೋಗಿ ಹೊಳಿಗೆ ಹಾಕ್ ಇದನ್ನ! ಈಗ್ಲೇ ಹಾಕ್!"

"ಹೊಳಿಗ್ ಹಾಕ್ರೂ ಅಲ್ಲಿಗೂ ನನ್ನನ್ನೇ ಕರಿತ್ರಿ ನೀವ್. ನಾ ಸರಿ ಮಾಡಿಯೇ ಹೋದ್ದ್, ಬಚ್ಚಣ್ಣ!"

"ಸರಿ ಮಾಡಿ ಹೋದ್ದಾ? ಹಾಂಗಾರೆ ಮೇಲ್ ಎಲ್ ಹೋಯ್ತ್? ಬೆಕ್ಕ್ ತಿಂತಾ?"

ಕಡಲ ತಡಿಯ ಕೋಡಿಯ ಒಣಮೀನಿನ ಮಂಡಿಯಲ್ಲಿ ಮಧ್ಯಾಹ್ನದ ಊಟ ಇಳಿಯುವ ಹೊತ್ತಿಗೆ ಈ ಗಲಾಟೆ. ಕೂಗುತ್ತಿದ್ದವರು ಇಬ್ಬರು. ಒಬ್ಬ ಮಂಡಿಯ ಯಜಮಾನ ಬಚ್ಚ. ಪ್ರಾಯ ಅರವತ್ತು ದಾಟಿ ದೋಣಿ ಬಿಟ್ಟು ವರ್ಷಗಳಾಗಿದ್ದರೂ ಸ್ವರ ಮಾತ್ರ ಇನ್ನೂ ಕಡಲ ಮೇಲಿನದ್ದೇ. ಇನ್ನೊಬ್ಬ ಬ್ರಹ್ಮಾವರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಗೌರೀಶ ಐತಾಳ. ಸಾಲಿಗ್ರಾಮದ ಅರ್ಚಕರ ಮನೆಯವನು, ಮೀನಿನ ವಾಸನೆ ಆಗದವನು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಜಗಳ ಆಡುತ್ತಿದ್ದದ್ದರಿಂದ ಅವನ ಸಿಟ್ಟು ಅರ್ಧ ಬಟ್ಟೆಯೊಳಗೇ ಉಳಿಯುತ್ತಿತ್ತು.

ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ಶ್ರೀಲತಾ. ಬಚ್ಚನ ಅಕ್ಕನ ಮಗಳು. ವಂಡ್ಸೆಯ ಸೊಸೈಟಿಯಲ್ಲಿದ್ದ ಗುಮಾಸ್ತೆ ಕೆಲಸ ಬಿಟ್ಟು, ಮಂಡಿಯ ವ್ಯವಹಾರ ನಾನು ನೋಡುತ್ತೇನೆ ಎಂದು ಬಂದು ಕೂತವಳು. ಕಂಪ್ಯೂಟರ್ ತರಿಸಿದ್ದು ಅವಳದ್ದೇ ಹಟ. ಮುಂಬಯಿಯ ಗಿರಾಕಿಗಳು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಫೋನಿನಲ್ಲಿ ದರ ಕೂಗುವವರನ್ನು ಅವರು ಹಳ್ಳಿಗಮಾರರೆಂದೇ ತಿಳಿಯುತ್ತಿದ್ದರು. ದರ ಮೇಲ್ ಮಾಡಿ, ಇದೊಂದೇ ಮಾತು.

ಮಾಡುತ್ತಿದ್ದಳು. ಆದರೆ ಅದು ಹೋಗುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ ಎರಡಿದ್ದವು. ಒಂದು ಕಂಪ್ಯೂಟರಿನ ಜೊತೆಗೇ ಬಂದದ್ದು, ಅದರ ಗುರುತು ಹಳದಿ ಲಕೋಟೆ. ಇನ್ನೊಂದು ಗೌರೀಶ ಹಾಕಿಕೊಟ್ಟದ್ದು, ಅದರ ಗುರುತು ಕೆಂಪು ಡಬ್ಬಿ. ಮಂಡಿಯ ವಿಳಾಸ, ಪಾಸ್‌ವರ್ಡ್ ಎಲ್ಲ ಇದ್ದದ್ದು ಕೆಂಪು ಡಬ್ಬಿಯಲ್ಲಿ. ಹಳದಿ ಲಕೋಟೆಗೆ ಏನು ಬರೆದುಕೊಟ್ಟರೂ ಹೊಟ್ಟೆಯೊಳಗಿಟ್ಟುಕೊಂಡು ಸುಮ್ಮನೆ ಕೂರುತ್ತಿತ್ತು. ದರ ಟೈಪ್ ಮಾಡಿ ಮೇಲ್ ಗುಂಡಿ ಒತ್ತಿದಾಗ ಎರಡರಲ್ಲಿ ಯಾವುದು ಎದ್ದು ಬರಬೇಕೆಂದು ಒಂದು ಕಡೆ ಹೇಳಿಡಬೇಕು. ಗೌರೀಶ ಕೆಂಪು ಡಬ್ಬಿ ಎಂದು ಹೇಳಿಟ್ಟು ಹೋಗುತ್ತಿದ್ದ. ಅವತ್ತು ಸಂಜೆಯವರೆಗೆ ಎಲ್ಲ ಸರಿ. ಮರುದಿನ ನೋಡಿದರೆ ಹಳದಿ ಲಕೋಟೆಯೇ ಯಜಮಾನ. ಇವೆರಡನ್ನು ಮಾಡಿದವರಿಗೆ ಬರೆಯುವ ಜಾಗವನ್ನಾದರೂ ಬೇರೆ ಬೇರೆ ತರ ಮಾಡಬೇಕೆಂಬ ಬುದ್ಧಿ ಇರಲಿಲ್ಲ. ಒಂದು ದಿನ ಶ್ರೀಲತಾ ಯಾವುದು ಎದ್ದಿದೆ ಎಂದು ನೆನಪಿಟ್ಟು ನೋಡುತ್ತಿದ್ದಳು, ಎರಡು ದಿನ ನೋಡುತ್ತಿದ್ದಳು. ಮೂರನೇ ದಿನ ಲಾರಿ ಬಂದ ಗಡಿಬಿಡಿಯಲ್ಲಿ ಮರೆಯುತ್ತಿದ್ದಳು, ದರ ಲಕೋಟೆಯ ಹೊಟ್ಟೆ ಸೇರುತ್ತಿತ್ತು.

ಗೌರೀಶ ಏನೂ ಮಾಡದೆ ಇರಲಿಲ್ಲ. ವೈರಸ್ಸಿಗೆ ಮದ್ದು ಹಾಕಿದ. ಕರೆಂಟಿನ ದೋಷ ಎಂದು ಪ್ಲಗ್ಗು ಬದಲಾಯಿಸಿದ. ಉಪ್ಪಿನ ಗಾಳಿ ಒಳಗೆ ಹೋಗಿದೆ ಎಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ಬ್ರಶ್ಶಿನಲ್ಲಿ ಉಜ್ಜಿದ. ಕೊನೆಗೆ ಎಲ್ಲ ಅಳಿಸಿ ಮೊದಲಿನಿಂದ ತುಂಬಿಸಿದ. ಊಹುಂ, ಬೆಳಗಾದರೆ ಮತ್ತೆ ಹಳದಿ.

ಈ ಸಲ ಹಾಳಾದದ್ದು ಒಣ ಚಟ್ಲಿಯ, ಅಂದರೆ ಸಿಗಡಿಯ, ವ್ಯಾಪಾರ. ಮುಂಬಯಿಯ ಸೇಟು ದರಕ್ಕಾಗಿ ಕಾದು ಕಾದು ಬೇಸತ್ತು ಉಪ್ಪುಂದದವರ ಮಾಲು ತುಂಬಿಸಿಕೊಂಡುಬಿಟ್ಟಿದ್ದ. ಚಟ್ಲಿಯ ಚೀಲಗಳು ಮಂಡಿಯ ಮೂಲೆಯಲ್ಲಿ ಹಾಗೇ ಕೂತು ಬಚ್ಚನನ್ನು ಅಣಕಿಸುತ್ತಿದ್ದವು.

"ನಾಳೆ ಒಂದ್ ದಿನ ಕಾಂತೆ," ಎಂದು ಬಚ್ಚ ಬೆರಳು ಎತ್ತಿದ. "ಸೇಟು ಬಂಗ್ಡೆ ದರ ಕೇಂಡಿದ್ದ. ನಾಳಿಗ್ ಅದ್ ಹೋಯ್ಲಿಲ್ಲ ಅಂದ್ರೆ ಈ ಡಬ್ಬ ಹೊರಗೆ. ಹೆಣೇ ಶ್ರೀಲತಾ, ನೀನೂ ಮೇಜ್ ಬಿಟ್ ಅಂಗಳಕ್ಕೆ ಬಾ. ಮೀನ್ ಆರಿಸುಕೆ ಜನ ಬೇಕ್. ದರ ನಾನೇ ಫೋನಲ್ಲಿ ಹೇಳ್ತೆ, ಮುಂಚೆ ಹೇಳ್ದಾಂಗೆ."

ಶ್ರೀಲತಾಳ ಮುಖ ಕೆಂಪಾಯಿತು. ಮೀನು ಆರಿಸುವುದಕ್ಕೆ ಅವಳೇನೂ ನಾಚುವವಳಲ್ಲ. ಅವಳ ಅಮ್ಮ ಬುಟ್ಟಿ ಹೊತ್ತು ಮಾರಿದವಳು. ಆದರೆ ಈ ಮೇಜು ಬಿಟ್ಟು ಎದ್ದರೆ ಮತ್ತೆ ಸಿಗುವುದಿಲ್ಲ. ಮಾವ ಒಂದು ಸಲ ಹೇಳಿದರೆ ಮುಗಿಯಿತು.

"ಗೌರೀಶಣ್ಣ," ಎಂದಳು, "ನೀವ್ ಯಾವತ್ತೂ ಮಧ್ಯಾಹ್ನ ಮೇಲೇ ಬತ್ರಿ. ಇದ್ ಹಾಳಾಪ್ದ್ ಬೆಳಿಗ್ಗೆ. ನಾಳೆ ಅಂಗಡಿ ಬಾಗ್ಲ್ ತೆಗುಕ್ ಮುಂಚೆ ಬನ್ನಿ. ಬಂದ್ ಕಣ್ಣಾರೆ ಕಾಣಿ."

"ಬತ್ತೆ. ಬಂದ್ ಇಲ್ಲೇ ಕೂಕಂತೆ," ಎಂದ ಗೌರೀಶ. "ನಾಳೆ ಇದ್ ಎಂತಕೆ ತಿರ್ಗತ್ತ್ ಅಂದೇಳಿ ಕಂಡುಹಿಡಿಯದಿದ್ರೆ ನಾ ಕಂಪ್ಯೂಟರ್ ಮುಟ್ಟುದಿಲ್ಲ. ಮನೆಗ್ ಹೋಗಿ ಗಂಧ ತೇಯ್ತೆ."

"ತೇಯ್, ತೇಯ್. ಅದಾದ್ರೂ ಸರಿ ಬತ್ತಾ ಕಾಂಬ," ಎಂದ ಬಚ್ಚ.

ಮರುದಿನ ಬೆಳಿಗ್ಗೆ ಗೌರೀಶ ಹೇಳಿದ ಹಾಗೇ ಬಂದ. ಶ್ರೀಲತಾ ಸಾಮಾನ್ಯವಾಗಿ ಮನೆ ಕೆಲಸ ಮುಗಿಸಿ ಒಂಬತ್ತೂವರೆಗೆ ಬರುವವಳು. ಅವತ್ತು ಅವಳೂ ಬೇಗ ಬಂದಳು. ಬಾಗಿಲು ತೆಗೆಯುವುದು ಯಾವತ್ತೂ ಬಚ್ಚನ ಕೆಲಸ. ಅದರಲ್ಲಿ ಅವನು ಯಾರನ್ನೂ ಕೈಹಾಕಲು ಬಿಡುತ್ತಿರಲಿಲ್ಲ. ಹೊಸಿಲಿಗೆ ನೀರು ಚಿಮುಕಿಸಿ, ದೇವರ ಪಟದ ಮುಂದೆ ದೀಪ ಹಚ್ಚಿದ. ಇಬ್ಬರೂ ಮೂಲೆಯ ಚೀಲದ ಮೇಲೆ ಕೂತು ಸುಮ್ಮನೆ ನೋಡಿದರು.

ಅಷ್ಟರಲ್ಲಿ ವನಜ ಬಂದಳು. ಮನೆ ಮನೆಗೆ ಒಣಮೀನು ಮಾರುವವಳು, ಬಾಯಿ ದೊಡ್ಡದು.

"ಹ್ವಾಯ್ ಬಚ್ಚಣ್ಣ, ಒಣ ನಂಗ್ ಇತ್ತಾ?"

ನಂಗು ಮೀನು ಮಂಡಿಯಲ್ಲಿ ಮೊನ್ನೆಯೇ ಖಾಲಿ. ಅದು ಶ್ರೀಲತಾಳಿಗೆ ಗೊತ್ತು, ಬಚ್ಚನಿಗೂ ಗೊತ್ತು.

"ನಂಗ್ ನಾಳೆ ಬತ್ತ್," ಎಂದ ಬಚ್ಚ. "ಇವತ್ತ್ ಬಂಗ್ಡೆ ಕಾಣ್, ಹ್ಯಾಂಗಿತ್!"

"ಇವತ್ತ್ ಇತ್ತಾ ಇಲ್ಯಾ, ಅದ್ ಹೇಳಿ."

"ಬಂಗ್ಡೆ ಕಾಣ್ ಅಂದೆ."

ವನಜ ನಕ್ಕಳು. ಬೋಣಿಯಾಗುವ ಮುಂಚೆ, ದಿನದ ಮೊದಲ ವ್ಯಾಪಾರ ಕುದುರುವ ಮುಂಚೆ, ಬಚ್ಚನ ಬಾಯಿಯಿಂದ 'ಇಲ್ಲ' ಎಂಬ ಮಾತು ಹೊರಡಿಸಲು ಕೋಡಿಯಲ್ಲಿ ಯಾರಿಂದಲೂ ಆಗಿರಲಿಲ್ಲ. ಅವಳು ಹಾಗೆ ಕೇಳುವುದೇ ಅವನನ್ನು ಕೆಣಕಲಿಕ್ಕೆ.

ಬಚ್ಚ ಊದುಬತ್ತಿ ಹಚ್ಚಿ ತಕ್ಕಡಿಗೆ ತೋರಿಸಿದ, ಫೋನಿಗೆ ತೋರಿಸಿದ, ಕಂಪ್ಯೂಟರಿನ ಗುಂಡಿ ಒತ್ತಿದ. ಆಯುಧಪೂಜೆಯಲ್ಲಿ ಕುಂಕುಮ ಬಿದ್ದ ಮೇಲೆ ಅದೂ ಮಂಡಿಯ ಹತಾರವೇ. ದೀಪ ಉರಿಯುವಾಗ ಅದು ಮಲಗಿರಬಾರದು ಎಂಬುದು ಅವನ ಲೆಕ್ಕ. ಪರದೆ ಬೆಳಗಿತು. ಕೆಂಪು ಡಬ್ಬಿ ಎದ್ದಿತು, ಹಳದಿ ಲಕೋಟೆಯೂ ಎದ್ದಿತು. ನಡುವೆ ಒಂದು ಚೌಕ ಹಾರಿ ಬಂತು. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಎರಡು ಗುಂಡಿ, 'ಯೆಸ್' ಮತ್ತು 'ನೋ'.

ಬಚ್ಚ ಊದುಬತ್ತಿಯನ್ನು ಎಡಗೈಗೆ ದಾಟಿಸಿ, ಕಣ್ಣು ಮುಚ್ಚಿ, ಮೌಸ್ ಎಂಬ ಇಲಿಯನ್ನು ಹಣೆಗೆ ಒತ್ತಿಕೊಂಡು ಕೆಳಗಿಟ್ಟು, 'ಯೆಸ್' ಒತ್ತಿದ.

"ಅಯ್ಯೋ!" ಗೌರೀಶ ಚೀಲದ ಮೇಲಿಂದ ಹಾರಿದ. ಮೂಗಿನ ಕರವಸ್ತ್ರ ಕುತ್ತಿಗೆಗೆ ಬಿತ್ತು. "ಎಂತ ಮಾಡ್ದ್ರಿ ಮರ್ರೆ! ಎಂತ ಒತ್ತಿದ್ರಿ!"

"ಎಂತ ಒತ್ತೂದ್? ಹೌದ್ ಅಂದೆ."

"ಎಂತಕೆ ಹೌದ್? ಆ ಹಳದಿ ಲಕೋಟೆ ಕೇಂತಿಪ್ಪುದ್, 'ಈಗ ನಾನ್ ಯಜಮಾನ ಅಲ್ಲ, ನನ್ನನ್ನ ಮಾಡ್ಕಂತ್ರ್ಯಾ' ಅಂದೇಳಿ! ನಾನ್ ಕಷ್ಟಪಟ್ ಇಳ್ಸಿ ಹೋಪುದ್, ನೀವ್ ದಿನಾ ಬೆಳಿಗ್ಗೆ ಹತ್ಸುದ್! 'ನೋ' ಒತ್ಕ್ ಅದಕ್ಕೆ, 'ನೋ'!"

"ನೋ?" ಬಚ್ಚನ ಕಣ್ಣು ಕೆಂಡವಾಯಿತು. "ದೀಪದ ಎದ್ರ್, ಬೋಣಿ ಆಪ್ಕ್ ಮುಂಚೆ, ನಾನ್ ಇಲ್ಲ ಅನ್ಕಾ? ನಿಮ್ಮ ದೇವಸ್ಥಾನದಲ್ ಬಾಗ್ಲ್ ತೆಗ್ದ ಕೂಡ್ಲೆ ಭಕ್ತರಿಗ್ ಇಲ್ಲ ಅಂತ್ರ್ಯಾ? ನಾ ತಿಳ್ದದ್ದ್, ಅದ್ ಇವತ್ತಿನ ಕೆಲ್ಸ ಶುರು ಮಾಡ್ಲಾ ಅಂದೇಳಿ ಕೇಂತಿತ್ತ್. ಬೆಳಿಗ್ಗೆ ಎದ್ ಬೇರೆ ಎಂತ ಕೇಂಬುಕಿತ್ತ್ ಅದಕ್ಕೆ?"

ಗೌರೀಶ ಪರದೆಯ ಕಡೆಗೆ ತಿರುಗಿದ. ಆ ಪ್ರಶ್ನೆ ಅವನ ಎದುರಿಗೂ ಎಷ್ಟೋ ಸಲ ಬಂದಿತ್ತು. ನೊಣ ಓಡಿಸುವ ಹಾಗೆ 'ನೋ' ಒತ್ತಿ ಮುಂದೆ ಹೋಗಿದ್ದ. ಅದನ್ನು ಓದಬೇಕೆಂದು ಅವನಿಗೂ ಕಂಡಿರಲಿಲ್ಲ.

"ಹಾಂಗಾರೆ ವೈರಸ್ಸ್ ಬಚ್ಚಣ್ಣನೇ!" ವನಜ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. "ಊದುಬತ್ತಿ ಹಿಡ್ಕಂಡ್ ಬಪ್ಪ ವೈರಸ್ಸ್!"

ಗೌರೀಶ ನಕ್ಕ. ಶ್ರೀಲತಾಳೂ ತಡೆದುಕೊಳ್ಳಲಾಗದೆ ನಕ್ಕುಬಿಟ್ಟಳು. ನಗುವಾಗಲೇ ಅವಳಿಗೆ ಎದೆ ಹಗುರವಾಯಿತು. ತಪ್ಪು ತನ್ನದಲ್ಲ, ಯಂತ್ರದ್ದೂ ಅಲ್ಲ. ಇನ್ನು ಮೇಜು ಬಿಡಬೇಕಿಲ್ಲ.

ಬಚ್ಚ ಮಾತ್ರ ನಗಲಿಲ್ಲ. ಊದುಬತ್ತಿಯನ್ನು ಸಿಕ್ಕಿಸಿ ಕುರ್ಚಿಯಲ್ಲಿ ಕೂತ.

ಗೌರೀಶ ಇಲಿ ಹಿಡಿದ. "ಇದೆಂತ ದೊಡ್ ಕೆಲ್ಸ ಅಲ್ಲ. ಇಲ್ಲಿ ಒಂದ್ ಟಿಕ್ ಇತ್ತ್. ಅದ್ ತೆಗ್ದ್ರೆ ಅದ್ ಇನ್ ಜನ್ಮದಲ್ ಕೇಂಬುದಿಲ್ಲ."

"ತೆಗಿ ಮಾರಾಯ," ಎಂದ ಬಚ್ಚ. ಸ್ವರ ಇಳಿದುಹೋಗಿತ್ತು. "ಈ ಮಂಡಿಯಲ್ ನನ್ ಹತ್ರ ಕೇಂಬರ್ ಯಾರಿದ್ರ್ ಈಗ? ದರ ಇವ್ಳ್ ಹಾಕ್ತ್ಲ್, ಲಾರಿ ಇವ್ಳ್ ಕರಿಸ್ತ್ಲ್. ಅದೊಂದ್ ಡಬ್ಬ ಬೆಳಿಗ್ಗೆ ಕೇಂತಿತ್ತ್. ಅದೂ ಬೇಡ. ಬಾ ವನಜ, ಬಂಗ್ಡೆ ತೂಗ್ತೆ."

ಎದ್ದು ವನಜಳೊಟ್ಟಿಗೆ ಅಂಗಳಕ್ಕೆ ಹೋದ.

ಶ್ರೀಲತಾಳ ನಗು ಅಲ್ಲಿಗೇ ನಿಂತಿತು. ಸೇಟಿಗೆ ಕಳಿಸಬೇಕಾದ ಬಂಗಡೆಯ ದರ ಅವಳು ರಾತ್ರಿಯೇ ಮನಸ್ಸಿನಲ್ಲಿ ಮಾಡಿಟ್ಟಿದ್ದಳು. ಮೀನಿನ ಹೊಟ್ಟೆ ಅದುಮಿ ನೋಡಿ ಉಪ್ಪು ಎಷ್ಟು ಹಿಡಿದಿದೆ ಎಂದು ಹೇಳಬಲ್ಲ ಮಾವನನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಗೌರೀಶನ ಕೈಯಿಂದ ಇಲಿ ತೆಗೆದುಕೊಂಡಳು.

"ಗೌರೀಶಣ್ಣ, ಈ ಕೆಂಪ್ ಡಬ್ಬಿಗೂ ಹಾಂಗೆ ಕೇಂಬ ಅಭ್ಯಾಸ ಇತ್ತಾ?"

"ಇತ್ತ್. ಅದ್ ಯಜಮಾನ ಅಲ್ದಿದ್ರೆ ಮಾತ್ರ ಕೇಂತ್."

"ಸರಿ."

ಅವನು ಮಾಡುವುದನ್ನು ನೋಡಿ ನೋಡಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. ಹಳದಿ ಲಕೋಟೆಯ ಟಿಕ್ ತೆಗೆದು ಅದರ ಬಾಯಿ ಮುಚ್ಚಿಸಿದಳು. ಆದರೆ ಯಜಮಾನಿಕೆಯನ್ನು ಅದರ ಕೈಯಲ್ಲೇ ಬಿಟ್ಟು, ಕಂಪ್ಯೂಟರನ್ನು ಮುಚ್ಚಿದಳು.

"ಅಯ್ಯೋ, ಕೆಂಪ್‌ಗೆ ಹಾಕ್ಲಿಲ್ಲ ನೀನ್!"

"ಗೊತ್ತಿತ್ತ್. ಮಾವ!" ಎಂದು ಕೂಗಿದಳು. "ಇದನ್ನೊಂದ್ ಶುರು ಮಾಡಿ ಕಾಂಬ. ಈಗ ಅದ್ ಸರಿಯಾದ್ದನ್ನೇ ಕೇಂತ್. ಹೌದ್ ಅನ್ನಿ, ಸಾಕ್."

ಬಚ್ಚ ಬಂದ. ಅನುಮಾನದಲ್ಲೇ ಗುಂಡಿ ಒತ್ತಿದ. ಈ ಸಲ ಚೌಕ ಹಾರಿ ಬಂದದ್ದು ಕೆಂಪು ಡಬ್ಬಿಯದ್ದು. ಅವನು ಅವಳ ಮುಖ ನೋಡಿದ, ಕಣ್ಣು ಮುಚ್ಚಿದ, 'ಯೆಸ್' ಒತ್ತಿದ.

"ಇನ್ ಬಂಗ್ಡೆಗ್ ಎಷ್ಟ್ ಹಾಕುವ, ಮಾವ?"

ಬಚ್ಚ ಕೈಯಲ್ಲಿದ್ದ ಬಂಗಡೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಟಲು ಸರಿಮಾಡಿಕೊಂಡು, ಒಂದು ದರ ಹೇಳಿದ. ಅವಳು ಮನಸ್ಸಿನಲ್ಲಿಟ್ಟದ್ದಕ್ಕಿಂತ ಜಾಸ್ತಿ. ಅದನ್ನೇ ಹಾಕಿ ಒತ್ತಿದಳು. ಫೋನ್ ಲೈನು ಕಿರುಚಿತು, ಮೇಲ್ ಹೋಯಿತು. ವನಜಳ ಮೀನು ತೂಗಿ ಮುಗಿಯುವುದರೊಳಗೆ ಸೇಟಿನ ಉತ್ತರ ಬಂತು: ಆಗಬಹುದು, ಮಾಲು ಕಳಿಸಿ.

"ಹ್ವಾಯ್! ಹೋಯ್ತ್ ಕಾಣ್!" ಬಚ್ಚನ ಕಡಲ ಸ್ವರ ಮರಳಿತ್ತು. "ಡಬ್ಬ ಇರ್ಲಿ. ಹೆಣೇ, ನೀನೂ ಅಲ್ಲೇ ಕೂಕೋ. ಮೀನ್ ಆರಿಸುಕೆ ಬೇರೆ ಜನ ಕಾಂಬ." ಬಂಗಡೆ ಬೀಸುತ್ತಾ ಅಂಗಳಕ್ಕೆ ಹೋದ.

ಗೌರೀಶ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದ. "ಇವತ್ತಿಗಾಯ್ತ್. ನಾಳೆ ಕೆಂಪ್ ಡಬ್ಬಿ ಕೇಂಬುದಿಲ್ಲ. ಅದೇ ಯಜಮಾನ ಆಯ್ತಲ್ಲ."

"ಸಂಜೆ ಬಾಗ್ಲ್ ಹಾಕುವತ್ತಿಗೆ ನಾನ್ ಮತ್ತೆ ಹಳದಿಗ್ ತಿರ್ಗ್ಸಿ ಇಡ್ತೆ. ಬೆಳಿಗ್ಗೆ ಅದ್ ಕೇಂತ್, ಮಾವ ಹೌದ್ ಅಂತ್ರ್."

"ದಿನಾ?"

"ದಿನಾ."

"ಸರಿ ಇದ್ದದ್ದನ್ನ... ನೀನೇ... ದಿನಾ ಸಂಜೆ ಹಾಳ್ ಮಾಡುದಾ?" ಗೌರೀಶನ ಸ್ವರ ಏರುತ್ತಾ ಹೋಯಿತು. "ಇದ್ ತಿರ್ಗುಕಾಗ ಅಂದೇಳಿ ನಾನ್ ಈ ನಾತದಲ್ ಪ್ರಾಣ ಬಿಡ್ತಾ ಇದ್ದೆ! ಎಲ್ಲ ಅಳ್ಸಿ ತುಂಬ್ಸ್ದೆ! ನಿದ್ರೆ ಬಿಟ್ ಬೆಳಿಗ್ಗಿನ ಬಸ್ಸ್ ಹತ್ದೆ! ಈಗ ನೀನೇ ಕೈಯಾರೆ ತಿರ್ಗ್ಸುದಾ? ಒಂದ್ ಟಿಕ್, ಬರೇ ಒಂದ್ ಟಿಕ್ಕಲ್ ಮುಗಿತಿತ್ತಲ್ಲೇ ಮಾರಾಯ್ತಿ!"

"ಹೌದ್, ಗೌರೀಶಣ್ಣ. ಚಾ ಕುಡಿತ್ರ್ಯಾ?"

"ಚಾ! ನನ್ನನ್ನ ಇನ್ ಕರೀಬೇಡಿ. ಸತ್ರೂ ಕರೀಬೇಡಿ!"

ತಿರುಪುಳಿ, ಸಿ.ಡಿ. ಎಲ್ಲ ಚೀಲಕ್ಕೆ ತುರುಕಿ ಅಂಗಳ ದಾಟಿದ. "ಎಂತಾಯ್ತಾ ನಿಂಗೆ? ಕೂಕೋ ಮಾರಾಯ!" ಎಂದು ಬಚ್ಚ ಕೂಗಿದರೂ ತಿರುಗಿ ನೋಡಲಿಲ್ಲ. ಕುತ್ತಿಗೆಯಲ್ಲಿದ್ದ ಕರವಸ್ತ್ರ ಬಾಗಿಲಿನ ಮೊಳೆಗೆ ಸಿಕ್ಕಿ ಅಲ್ಲೇ ಉಳಿಯಿತು. ಅದನ್ನು ಬಿಡಿಸಿಕೊಳ್ಳಲೂ ನಿಲ್ಲಲಿಲ್ಲ. ಬರೇ ಮೂಗಿನಲ್ಲಿ, ಬೀಸುಗಾಲು ಹಾಕಿಕೊಂಡು, ಸೇತುವೆಯ ಕಡೆಗೆ ಹೋದ.

ಕರವಸ್ತ್ರ ಬಹಳ ದಿನ ಅದೇ ಮೊಳೆಯಲ್ಲಿತ್ತು, ಬಂದರೆ ಕೊಡೋಣ ಎಂದು. ಆಮೇಲೆ ಬಚ್ಚ ಅದರಲ್ಲೇ ಪ್ರತಿದಿನ ಬೆಳಿಗ್ಗೆ, 'ಯೆಸ್' ಒತ್ತುವ ಮುಂಚೆ, ಪರದೆ ಒರೆಸಲು ಶುರು ಮಾಡಿದ. ಗೌರೀಶ ಬರಲಿಲ್ಲ.