ಮಡ್‌ಗಾರ್ಡಿನ ಮೇಲಿನ ಮೂರು ಗೆರೆ

ಹಗ್ಗದ ಗಂಟು ಬಿಚ್ಚುವಾಗಲೇ ವೀರಣ್ಣನ ಮೂಗಿಗೆ ವಾಸನೆ ಬಡಿಯಿತು. ಇಪ್ಪತ್ತಾರು ವರ್ಷ ಲೇಥ್ ಮುಂದೆ ನಿಂತ ಮೂಗು ಅದು. ಕಬ್ಬಿಣ ಕೆಟ್ಟರೆ ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ನೀಲಿ ತಾಡಪತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ಒಗೆದ.

ಸಮದ್‌ನ ಮೋಟಾರ್ ಸೈಕಲ್ಲು ಐದು ತಿಂಗಳ ಮೇಲೆ ಬೆಳಕು ಕಂಡಿತು. ಸೈಲೆನ್ಸರಿನ ಮೇಲೆ ಕಂದು ಪುಡಿ. ಹ್ಯಾಂಡಲ್ಲಿನ ತುಂಬ ಸಾಸಿವೆ ಎರಚಿದಂಥ ಚುಕ್ಕೆ. ಚಕ್ರದ ಕಡ್ಡಿಗಳೆಲ್ಲ ಕೆಂಪು. ಹ್ಯಾಂಡಲ್ಲಿಗೆ ಕಟ್ಟಿದ್ದ ನಿಂಬೆಹಣ್ಣು ಕಪ್ಪಗೆ ಕೊಳೆತು, ಅದರ ರಸ ಹೆಡ್‌ಲೈಟಿನ ಬಳೆಯನ್ನು ತಿಂದುಹಾಕಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಮಡ್‌ಗಾರ್ಡು. ಆಯುಧಪೂಜೆಯ ದಿನ ತಾನೇ ಮೂರು ಬೆರಳಿನಿಂದ ವಿಭೂತಿ ಎಳೆದ ಜಾಗದಲ್ಲಿ ಈಗ ಮೂರು ತುಕ್ಕಿನ ಗೆರೆ, ಅಳತೆ ಇಟ್ಟು ಕೊರೆದ ಹಾಗೆ.

"ಸತ್ತೆ," ಅಂದ ವೀರಣ್ಣ.

ಆಗ ಹನ್ನೆರಡು ಹೊಡೆದಿತ್ತು. ನಾಲ್ಕಕ್ಕೆ ಸಮದ್ ಬರುವವನಿದ್ದ. ಅವನ ಹೆಂಡತಿ ಖಾಲಿದಾ ಬೆಳಿಗ್ಗೆ ಫೋನು ಮಾಡಿ ಹೇಳಿದ್ದಳು: "ಅಣ್ಣಾರ, ಡಿಸ್ಚಾರ್ಜ್ ಆತ್ರಿ. ಮನಿಗೆ ಹೋಗೂಕಿಂತ ಮೊದಲ ನಿಮ್ಮಲ್ಲೇ ಬರಬೇಕಂತ. ಗಾಡಿ ನೋಡಬೇಕಂತ. ಎಷ್ಟ್ ಹೇಳಿದ್ರೂ ಕೇಳವಲ್ಲರು."

ಸಮದ್ ಮತ್ತು ವೀರಣ್ಣ ಇಬ್ಬರೂ ಗದಗಿನ ಕಡೆಯವರು. ಈಗ ಅಮೆರಿಕದ ಸ್ಯಾನ್ ಹೊಸೆಯ ಒಂದೇ ವರ್ಕ್‌ಶಾಪಿನಲ್ಲಿ ಅಕ್ಕಪಕ್ಕದ ಮಷೀನು. ಸೆಪ್ಟೆಂಬರ್ ಕೊನೆಗೆ ಸಮದ್ ಮಷೀನಿನ ಮುಂದೆಯೇ ಕುಸಿದ. ಲಕ್ವಾ. ಎಡಗೈ, ಎಡಗಾಲು ಹೋದವು, ನಾಲಿಗೆ ತೊಡರಿತು. ಮೂರು ದಿನ ಏನೂ ಹೇಳಲಾಗದು ಅಂದರು ಡಾಕ್ಟರು. ಅವನ ಮನೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ್ದರಿಂದ ಅದು ಮೊದಲಿನಿಂದಲೂ ಪಕ್ಕದ ಊರು ಕ್ಯಾಂಪ್‌ಬೆಲ್ಲಿನಲ್ಲಿ, ವೀರಣ್ಣನ ಅಪಾರ್ಟ್‌ಮೆಂಟಿನ ಗೋಡೆಯಿಲ್ಲದ ಕಾರ್‌ಪೋರ್ಟಿನಲ್ಲೇ ಇರುತ್ತಿತ್ತು.

ಕೈಕಾಲಿಗೆ ವ್ಯಾಯಾಮ ಮಾಡಿಸುವ ರಿಹ್ಯಾಬಿಗೆ ಹಾಕಿದ ಮೇಲೆ ಸಮದ್ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಕಾಲು ಎತ್ತು ಅಂದರೆ ಎತ್ತುವುದಿಲ್ಲ, ಊಟ ಮಾಡು ಅಂದರೆ ಮಾಡುವುದಿಲ್ಲ. ವೀರಣ್ಣ ಒಂದು ದಿನ ಸಿಟ್ಟಿಗೆದ್ದು, "ಲೇ, ನಿನ್ನ ಗಾಡಿ ಕನ್ನಡಿ ಇದ್ದಂಗ ಇಟ್ಟೇನಿ. ಎದ್ದು ಬಂದು ಅದರ ಮ್ಯಾಲೆ ಕುಂದ್ರು," ಎಂದು ಒದರಿದ್ದ. ಆ ಮಾತಿಗೆ ಸಮದ್ ತಿರುಗಿ ನೋಡಿದ. ಮರುದಿನದಿಂದ ಕಾಲು ಎತ್ತತೊಡಗಿದ. ದಿನಾ ಒಂದೇ ಪ್ರಶ್ನೆ: "ಗಾ...ಡಿ ಹೆಂಗೈತಿ?"

"ಕನ್ನಡಿ."

"ಅದು ಕೆಟ್ರ... ನಾನೂ ಕೆಟ್ಟೆ. ತಿಳಿ."

ಈಗ ಆ ಕನ್ನಡಿ ಇಲ್ಲಿ ನಿಂತಿತ್ತು.

ವೀರಣ್ಣ ಮಂಡಿಯೂರಿ ಕುಳಿತ. ಸಣ್ಣ ಎಳೆಯ ಉಕ್ಕಿನ ನಾರು, ಮಷೀನೆಣ್ಣೆ, ಹಳೆ ಬನಿಯನ್ನಿನ ಚೂರು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಹ್ಯಾಂಡಲ್ಲು ತಿಕ್ಕಿದ. ಚುಕ್ಕೆಗಳು ಕರಗಿ ಹೋದವು, ಕ್ರೋಮು ಹೊಳೆಯಿತು. ಸ್ವಲ್ಪ ಉಸಿರು ಬಂತು. ಸೈಲೆನ್ಸರು ಅರ್ಧ ತಾಸು ತಿಂದಿತು, ಕಡ್ಡಿಗಳು ಒಂದು ತಾಸು. ಎರಡು ಗಂಟೆಗೆ ಮಡ್‌ಗಾರ್ಡಿಗೆ ಕೈ ಹಾಕಿದ. ಮೂರು ಗೆರೆ ಅಲುಗಲಿಲ್ಲ. ಜೋರಾಗಿ ಒತ್ತಿದ. ಗೆರೆಯ ಅಂಚಿನಲ್ಲಿ ಕ್ರೋಮು ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಉಗುರಿಗೆ ಚುಚ್ಚಿತು. ತುಕ್ಕು ಮೇಲೆ ಕೂತಿರಲಿಲ್ಲ, ಒಳಗೆ ಇಳಿದಿತ್ತು. ತಿಕ್ಕಿದಷ್ಟೂ ಗೆರೆ ಅಗಲವಾಗುತ್ತಿತ್ತು.

ಹೆಂಡತಿ ಅಂಬವ್ವ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಬಟ್ಟಲು.

"ಹುಣಸಿಹಣ್ಣು ನೆನಸಿ ತಂದೇನ್ರಿ. ಉಪ್ಪು ಹಾಕೇನಿ. ದೇವರ ಸಾಮಾನು ಇದರಾಗ ಹೆಂಗ ಫಳಫಳ ಅಂತಾವು ನೋಡೀರಲ್ಲ."

"ಏ, ಇದೇನ್ ನಿನ್ನ ಹಿತ್ತಾಳಿ ತಂಬಿಗಿ ಅಂತ ತಿಳದೀಯೇನ? ಹುಳಿ ಬಿದ್ದs ಇದರ ಬಾಳೇವು ಹಾಳಾಗೇತಿ! ಒಯ್ದು ಸಾರಿಗೆ ಹಾಕ್, ಹೋಗ್!"

"ನನ್ ಮ್ಯಾಲ್ಯಾಕ ಹಾರಾಡ್ತೀರಿ? ನಿಮ್ಮ ಕಾರಿಗೂ ಅವತ್ತs ವಿಭೂತಿ ಹಚ್ಚಿದ್ರಿ, ವಾರದಾಗ ತೊಳದ್ರಿ. ಇದನ್ನ ಯಾಕ ಒರಸಲಿಲ್ಲ? ಕಬ್ಬಿಣದಾಗ ಹುಟ್ಟಿ ಬೆಳದವರಗತೆ ಮಾತಾಡ್ತೀರಿ, ಒದ್ದಿ ಬೂದಿ ಇಟ್ಟು ತಾಡಪತ್ರಿ ಬಿಗದ್ರ ಏನಾಗ್ತೈತಿ ಅಂತ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ಜನವರಿಯ ಮಳೆ ವಾರಗಟ್ಟಲೆ ಹಿಡಿದಾಗ ನೀರು ಕಾರ್‌ಪೋರ್ಟಿನೊಳಗೆ ಹರಿದು ಬಂದಿತ್ತು. ವೀರಣ್ಣ ಎರಡು ಸಲ ಬಂದು ಹಗ್ಗದ ಮೇಲೆ ಕೈ ಇಟ್ಟು, ಎರಡು ಸಲವೂ ಬಿಚ್ಚದೆ ಹೋಗಿದ್ದ.

ಈಗ ಅವನು ಹೆಂಡತಿಯ ಮುಖ ನೋಡದೆ ಹೇಳಿದ: "ಅವತ್ತು ಡಾಕ್ಟರು ಮೂರು ದಿನ ಅಂದಿದ್ರಲ್ಲ. ವಿಭೂತಿ ಎಳೀಬೇಕಾದ್ರ ಅಂದ್ಕೊಂಡಬಿಟ್ಟೆ. ಸಮದ್ ತನ್ನ ಕಾಲ ಮ್ಯಾಲೆ ನಡದು ಇದರ ಹತ್ರ ಬರೂತನಕ ಒರಸೂದಿಲ್ಲ ಅಂತ. ಆಮ್ಯಾಲೆ ಒರಸಾಕ ಹೆದರಿಕಿ ಆತು. ಒರಸಿದ ದಿನಾನs ಫೋನ್ ಬಂದ್ರ?"

ಅಂಬವ್ವ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟಳು. ಸೆರಗು ಸಿಕ್ಕಿಸಿ, ಅಲ್ಯೂಮಿನಿಯಂ ಉಂಡೆಯನ್ನು ಎತ್ತಿಕೊಂಡು ಹೆಡ್‌ಲೈಟಿನ ಬಳೆ ತಿಕ್ಕಲು ಕುಳಿತಳು.

ಮೂರೂವರೆ. ಗೆರೆ ಹಾಗೇ ಇದ್ದವು. ವೀರಣ್ಣನ ಬೆರಳಿನ ತುದಿಯಲ್ಲಿ ರಕ್ತ ಬಂದಿತ್ತು. ಕೊನೆಗೆ ಕಾರಿನ ಡಿಕ್ಕಿಯಿಂದ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ ತೆಗೆದು ಗಲಗಲ ಅಲ್ಲಾಡಿಸಿದ. ಎರಡು ಸಲ ಹೊಡೆದರೆ ಗೆರೆ ಮುಚ್ಚಿಹೋಗುತ್ತವೆ. ಡಬ್ಬಿಯ ಮೂತಿ ಮಡ್‌ಗಾರ್ಡಿಗೆ ಹಿಡಿದ. ಸಮದ್ ಕೂದಲಿನಷ್ಟು ವ್ಯತ್ಯಾಸವನ್ನು ಹೆಬ್ಬೆರಳಿನಿಂದ ಸವರಿ ಹೇಳುತ್ತಿದ್ದವನು; ಅವನು ಮುಟ್ಟಿ ನೋಡಿದ ಮಾಲನ್ನು ಸೂಪರ್‌ವೈಸರು ಮತ್ತೆ ಅಳೆಯುತ್ತಿರಲಿಲ್ಲ. ಅವನ ಬಲಗೈ ಇನ್ನೂ ನೆಟ್ಟಗಿತ್ತು.

"ಥೂ!" ಡಬ್ಬಿಯನ್ನು ಮೂಲೆಗೆ ಎಸೆದ.

ಆಗಲೇ ಕಾರು ಒಳಗೆ ತಿರುಗಿತು. ನಾಲ್ಕಾಗಲು ಇನ್ನೂ ಕಾಲು ತಾಸಿತ್ತು.

ಖಾಲಿದಾ ವಾಕರ್ ಬಿಡಿಸಿ ಇಟ್ಟಳು. ಸಮದ್ ಇಳಿದ. ವಾಕರಿಗೆ ಎಡಗೈಯನ್ನು ಪಟ್ಟಿಯಿಂದ ಕಟ್ಟಿದ್ದರು, ಎಡಗಾಲಿಗೆ ಪ್ಲಾಸ್ಟಿಕ್ಕಿನ ಆಸರೆ. ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಹಿಂದಿನಿಂದ ಖಾಲಿದಾ ಅವನ ಸೊಂಟದ ಬೆಲ್ಟನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಬಿಟ್ಟರೆ ಬೀಳುತ್ತಾನೆ ಎಂಬುದು ಯಾರಿಗಾದರೂ ಕಾಣುತ್ತಿತ್ತು. ವೀರಣ್ಣ ಗಾಡಿಗೆ ಅಡ್ಡ ನಿಂತ.

"ಸ...ರಿ," ಅಂದ ಸಮದ್.

ವೀರಣ್ಣ ಸರಿದ.

ಸಮದ್ ಹ್ಯಾಂಡಲ್ಲು ನೋಡಿದ, ಸೈಲೆನ್ಸರು ನೋಡಿದ. ಆಮೇಲೆ ಬಗ್ಗಿ, ಹೆಬ್ಬೆರಳನ್ನು ಮಡ್‌ಗಾರ್ಡಿನ ಮೇಲಿಟ್ಟು ಒಂದೊಂದೇ ಗೆರೆ ಸವರಿದ. ಹೆಬ್ಬೆರಳು ಕಂದಾಯಿತು.

"ಕನ್ನ...ಡಿ," ಅಂದ.

"ಸುಳ್ಳು ಹೇಳಿದೆ ದೋಸ್ತ. ಒದಿ ಬೇಕಾದ್ರ."

"ಒದ್ಯಾಕ ಕಾ...ಲೆಲ್ಲೈತಿ?" ಸಮದ್ ನಗಲಿಲ್ಲ. "ಇದು... ಯಾಕ?"

ವೀರಣ್ಣ ಹೇಳಿದ. ಆಯುಧಪೂಜೆ, ಮೂರು ದಿನ, ಅಂದುಕೊಂಡ ಮಾತು, ಹಗ್ಗ ಬಿಚ್ಚಲು ಆದ ಹೆದರಿಕೆ. ಖಾಲಿದಾ ಮುಖ ಆಚೆ ತಿರುಗಿಸಿದಳು, ಬೆಲ್ಟು ಮಾತ್ರ ಬಿಡಲಿಲ್ಲ.

ಸಮದ್ ತನ್ನ ಎಡಗಾಲನ್ನು ನೋಡಿಕೊಂಡ. ಎತ್ತಿ ಸೀಟಿನ ಆಚೆ ಹಾಕಲು ನೋಡಿದ. ಪಾದ ನೆಲದಿಂದ ನಾಲ್ಕು ಬೆರಳು ಎದ್ದು, ನಡುಗಿ, ಬಿತ್ತು. ಇನ್ನೊಮ್ಮೆ. ಈ ಸಲ ಅಷ್ಟೂ ಏಳಲಿಲ್ಲ. ವಾಕರ್ ವಾಲಿತು, ವೀರಣ್ಣ ಹಾರಿ ಹಿಡಿದ. ಸಮದ್‌ನ ಎದೆ ಬಡಿದುಕೊಳ್ಳುವುದು ಅವನ ತೋಳಿಗೆ ತಿಳಿಯುತ್ತಿತ್ತು. ಮಾರಿಬಿಡು ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ವೀರಣ್ಣ ಕಣ್ಣು ಮುಚ್ಚಿಕೊಂಡ.

"ನಾ ನನ್ನ... ಕಾಲ ಮ್ಯಾಲೆ ಬಂದೇನೇನು?" ಅಂದ ಸಮದ್.

ವೀರಣ್ಣ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಹೇಳು ಲೇ. ಬಂದೇನೇನು?"

"ಇಲ್ಲ."

"ಮತ್ಯಾಕ ತಿಕ್ಕಾಕ... ಹತ್ತಿದಿ, ಹುಚ್ಚ? ಬಿಡು. ತುಕ್ಕು ಹಬ್ಬದಂಗ... ಎಣ್ಣಿ ಹಚ್ಚು."

ಅಂಬವ್ವ ಓಡಿ ಹೋಗಿ ಕುರ್ಚಿ ತಂದಳು. ಸಮದ್ ಅದರಲ್ಲಿ ಕುಸಿದು ಕೂತ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಇನ್ನೊಂದು ಹೆಜ್ಜೆ ಇಡುವ ಶಕ್ತಿ ಉಳಿದಿರಲಿಲ್ಲ. ವೀರಣ್ಣ ಬನಿಯನ್ನಿನ ಚೂರನ್ನು ಎಣ್ಣೆಯಲ್ಲಿ ಅದ್ದಿ ಮಡ್‌ಗಾರ್ಡಿನ ಮುಂದೆ ಕೂತ. ಮೊದಲ ಗೆರೆಯ ಮೇಲೆ ಇಟ್ಟು ಒತ್ತಿದ. ಸಮದ್ ಕುರ್ಚಿಯಿಂದಲೇ ನೋಡುತ್ತಿದ್ದ.

"ಮೆಲ್ಲಕ," ಅಂದ. "ಅಳಿಸಿ... ಹೋದಾವು."