ಗುರುವಾರದ ಸಕ್ಕರೆ

ತೆಂಗಿನೆಣ್ಣೆಯಿಂದ ತೆಗೆದ ಕೊಬ್ಬಿನ ಆಲ್ಕೊಹಾಲು, ಪುಟ್ಟ ಬಾಟಲಿಗೇ ನಾಲ್ಕು ಸಾವಿರ. ಜೀವಾಣು ಬೆಳೆಸುವ ತಟ್ಟೆಗಳಿಗೆ, ಅವುಗಳಲ್ಲಿ ಹೊಯ್ಯುವ ಅಗರ್ ಜೆಲ್ಲಿಗೆ ಇನ್ನೂ ಮೂರು. ಹಲ್ಲು ತಿನ್ನುವ ಜೀವಾಣುಗಳನ್ನು ಆ ಆಲ್ಕೊಹಾಲು ಕೊಲ್ಲುತ್ತದೆಯೇ ಎಂದು ಬುಶ್ರಾ ಲ್ಯಾಬಿನಲ್ಲಿ ಪರೀಕ್ಷಿಸುತ್ತಿದ್ದಳು. ಅದಕ್ಕೆ ಅವಳ ಅಮ್ಮಿ ಶಹಜಹಾನಬೇಗಂ ಕೊಟ್ಟ ಉಗುಳು ಮಾತ್ರ ಪುಕ್ಕಟೆ.

"ಈ ಹುಳ ನನ್ನ ಹಲ್ಲೆಲ್ಲಾ ತಿಂದಾವು. ಇವಕ್ಕೊಂದು ಔಷಧ ಹುಡುಕ ಬೇಟಾ," ಎಂದು ನಗುತ್ತ ಶೀಶೆಯಲ್ಲಿ ಉಗುಳಿದ್ದಳು. ಮರುತಿಂಗಳೇ ಶುಗರ್ ಏರಿ ತೀರಿಕೊಂಡಳು. ಕೊನೆಗೆ ಚಹಾಕ್ಕೆ ಒಂದು ಚಿಮಟಿ ಸಕ್ಕರೆ ಕೇಳಿದವಳಿಗೆ ಬುಶ್ರಾ ಕೊಟ್ಟಿರಲಿಲ್ಲ.

ಧಾರವಾಡದ ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ ಅಮ್ಮಿಯ ಬಾಯಿಯ ಜೀವಾಣುಗಳು ಮಾತ್ರ ಬದುಕಿದ್ದವು. ಗುರುವಾರ ಫಾತೆಹಾದ ದಿನ. ತೀರಿದವರಿಗೆ ಇಷ್ಟವಾದದ್ದನ್ನು ಮಾಡಿಡುತ್ತಾರೆ. ಬುಶ್ರಾ ಪ್ರತಿ ಗುರುವಾರ ಸಕ್ಕರೆ ಬೆರೆಸಿದ ಹೊಸ ಜೆಲ್ಲಿಯ ಮೇಲೆ ಅವನ್ನು ಹಚ್ಚುತ್ತಿದ್ದಳು. ಮುಚ್ಚಳ ತೆರೆದರೆ ಹುಳಿಸಿಹಿ ವಾಸನೆ. ಅಮ್ಮಿ ಕಿವಿಯಲ್ಲಿ ಗುಟ್ಟು ಹೇಳುವಾಗಿನ ಉಸಿರು ಅದೇ. ಒಮ್ಮೆ ಬೆನ್ನ ಹಿಂದೆ ಯಾರೋ "ಇನ್ನೊಂದ್ ಚಿಮಟಿ ಹಾಕ" ಅಂದಂತಾಯಿತು. ತಿರುಗಿದರೆ ಯಂತ್ರದ ಗುಂಯ್ ಸದ್ದು. ಮುಂದಿನ ವಾರ ಒಂದು ಚಿಮಟಿ ಹೆಚ್ಚೇ ಹಾಕಿದಳು.

ಉಗುಳು ಕೊಟ್ಟಿದ್ದ ಉಳಿದವರದೆಲ್ಲ ಪರೀಕ್ಷೆ ಮುಗಿದಿತ್ತು. ಪರೀಕ್ಷೆಯಾದ ತಟ್ಟೆಗಳನ್ನು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ನಾಶಮಾಡುವುದು ಅಲ್ಲಿಯ ಕಟ್ಟಳೆ. ಅದಕ್ಕೇ ಬುಶ್ರಾ ಅಮ್ಮಿಯ ಪರೀಕ್ಷೆಯನ್ನು ಮುಂದೂಡುತ್ತಲೇ ಇದ್ದಳು.

ಜೊತೆಗೆ ಕೆಲಸ ಮಾಡುವ ಆರತಿ ಒಂದು ಗುರುವಾರ ನೋಡಿಯೇ ಬಿಟ್ಟಳು. "ಏನ ಬುಶ್ರಾ, ಹುಳಕ್ಕ ಇಷ್ಟ್ ಸಕ್ಕರಿ? ಬೀಗರು ಬಂದಾರೇನ?"

ಬುಶ್ರಾ ಅಳುತ್ತ ಎಲ್ಲ ಹೇಳಿದಳು. ಆರತಿಯ ನಗು ನಿಂತಿತು. "ಅಮ್ಮಿ ಸಕ್ಕರಿ ಕೇಳಿದ್ದು ಖರೆ. ಆದ್ರ ಇವು ಅಮ್ಮಿ ಅಲ್ಲ ಬುಶ್ರಾ. ಅವರ ಹಲ್ಲು ತಿಂದಂಥಾವು."

ಬುಶ್ರಾ ತಟ್ಟೆಯ ಮುಚ್ಚಳ ಮುಚ್ಚಿದಳು. ಹಾಗಾದರೆ ಇಷ್ಟು ದಿನ ತಾನು ಉಣಿಸಿದ್ದು ಯಾರಿಗೆ? ಇನ್ನೊಂದು ಚಿಮಟಿ ಕೇಳಿದ್ದು ಯಾರು?

ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿದ್ದ ಆಲ್ಕೊಹಾಲಿನ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿದಳು. ಕಾಗದದ ಬಿಲ್ಲೆಗೆ ಸವರಿ, ಜೀವಾಣುಗಳನ್ನು ಆಗಷ್ಟೇ ಹಚ್ಚಿದ್ದ ಅಮ್ಮಿಯ ತಟ್ಟೆಯ ನಡುವೆ ಇಟ್ಟಳು. ಎರಡು ದಿನ ಬೆಳೆಯಲು ಬಿಟ್ಟು ನೋಡಿದರೆ ಬಿಲ್ಲೆಯ ಸುತ್ತ ಉಂಗುರದಂತೆ ತಿಳಿ ಜಾಗ. ಅಲ್ಲಿ ಏನೂ ಬೆಳೆದಿರಲಿಲ್ಲ. ಅಳತೆ ಬರೆದುಕೊಂಡು, ಅಮ್ಮಿಯ ತಟ್ಟೆಗಳನ್ನೆಲ್ಲ ಆ ದೊಡ್ಡ ಕುಕ್ಕರಿಗಿಳಿಸಿ, ಮುಚ್ಚಳವನ್ನು ತಾನೇ ಬಿಗಿದಳು.

ಮುಂದಿನ ಗುರುವಾರ ಮನೆಯಲ್ಲಿ ಫಾತೆಹಾಕ್ಕೆ ಚಹಾ ಇಟ್ಟಳು, ಕೈತುಂಬ ಸಕ್ಕರೆ ಹಾಕಿ. ಬೆನ್ನ ಹಿಂದೆ ಯಾರೂ ಮಾತಾಡಲಿಲ್ಲ.

ಅಮ್ಮಿಯ ಹಲ್ಲು ತಿಂದ ಹುಳಕ್ಕೆ ಆ ಆಲ್ಕೊಹಾಲು ನಾಟುತ್ತದೆ ಎಂದು ಗೊತ್ತಾಯಿತು. ಅಮ್ಮಿಯ ಉಸಿರಿನ ವಾಸನೆ ಹೋಯಿತು.